ಗರ್ಭಕಂಠಾರ್ಬುದದ ಕಿರಣಚಿಕಿತ್ಸೆ: ವಿಕಲ್ಪವೋ ಸಮುಚ್ಚಯವೋ?

ಕನ್ನಡದಲ್ಲಿ ವೈದ್ಯವನ್ನು ಬರೆಯುವ ಕಾರ್ಯವು ನಿನ್ನೆ ಮೊನ್ನೆ ಮೊದಲಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯೊಂದನ್ನೇ ‘ಖಗೇಂದ್ರಮಣಿದರ್ಪಣ’ಕ್ಕೆ ವಸ್ತುವಾಗಿಸಿದನು. ನಮ್ಮ ಮರವಂತೆಗೆ ತೆಂಕಲಾಗಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕನ್ನಡಿಗರ ಕೈಗೆ ಕೊಟ್ಟರು. ಇಷ್ಟಾದರೂ ಶಾಸ್ತ್ರೀಯ ಗದ್ಯವು ವಿಮರ್ಶೆಗೆ ತಕ್ಕ ವಸ್ತುವೆಂಬ ಭಾವನೆ ನಮ್ಮ ವಿಮರ್ಶಕರಲ್ಲಿ ಬೇರೂರಿಲ್ಲ. ಕಾವ್ಯದಲ್ಲಿ ಒಂದು ಪದವು ಸ್ಥಾನ ತಪ್ಪಿದರೆ ಹತ್ತು ಪುಟಗಳ ಚರ್ಚೆ ನಡೆಯುತ್ತದೆ. ಆಸ್ಪತ್ರೆಯ ಕಾಗದದಲ್ಲಿ ಒಂದು ಪದವು ಸ್ಥಾನ ತಪ್ಪಿದರೆ ಅದನ್ನು ಕೇಳುವವರಿಲ್ಲ. ಪ್ರಕೃತ ಲೇಖನದಲ್ಲಿ ಅಂಥದೊಂದು ಬರವಣಿಗೆಯ ಜಾತಿಯನ್ನು, ಎಂದರೆ ಗರ್ಭಕಂಠದ ಅರ್ಬುದಕ್ಕೆ ಮಾಡತಕ್ಕ ಕಿರಣಚಿಕಿತ್ಸೆಯ ವಿವಿಧ ತಂತ್ರಗಳನ್ನು ಹೋಲಿಸಿ ಹೇಳುವ ಕನ್ನಡ ತಿಳಿವಳಿಕೆಯ ಬರಹಗಳನ್ನು, ಪರಾಮರ್ಶಿಸಲು ಉದ್ದೇಶಿಸಿದ್ದೇನೆ.

ನಾನು ವೈದ್ಯನಲ್ಲ. ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ಹೇಳುವ ಅಧಿಕಾರವು ಆ ಶಾಸ್ತ್ರವನ್ನು ಗುರುಮುಖದಿಂದ ಕಲಿತು, ರೋಗಿಯನ್ನು ಕಣ್ಣಾರೆ ಕಂಡವರದು. ಆದರೆ ಲಕ್ಷಣವು ಲಕ್ಷ್ಯಕ್ಕೆ ಹೊಂದುವುದೋ ಇಲ್ಲವೋ ಎಂದು ನೋಡುವುದು, ವಾಕ್ಯವು ಏನನ್ನು ವಿಧಿಸುತ್ತದೆ ಎಂದು ಶೋಧಿಸುವುದು, ಇವು ತರ್ಕಮೀಮಾಂಸೆಗಳನ್ನು ಓದಿದವರ ವೃತ್ತಿ. ಅಷ್ಟರ ಮಟ್ಟಿಗೆ ಮಾತ್ರ ಇಲ್ಲಿ ನನ್ನ ಪ್ರವೇಶ. 2022ರಲ್ಲಿ ಭಾರತದಲ್ಲಿ ಈ ರೋಗವು ಹೊಸದಾಗಿ ಕಾಣಿಸಿಕೊಂಡ ಹೆಂಗಸರ ಸಂಖ್ಯೆ ಸುಮಾರು 1,27,000 ಎಂದೂ, ಅದರಿಂದ ಮೃತರಾದವರು ಸುಮಾರು 80,000 ಎಂದೂ ಅಂತರಾಷ್ಟ್ರೀಯ ಅಂದಾಜು. ಇವರಲ್ಲಿ ಬಹುಮಂದಿ ರೋಗವು ಬಲಿತ ಮೇಲೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತುವವರು. ಬಲಿತ ರೋಗಕ್ಕೆ ಪ್ರಧಾನವಾದ ಉಪಾಯ ಕಿರಣಚಿಕಿತ್ಸೆಯೇ. ಆದುದರಿಂದ ಅದನ್ನು ಹೇಳುವ ಮಾತು ನೆಟ್ಟಗಿರಬೇಕೆಂಬುದು ಬರಿಯ ಶಬ್ದಚಪಲವಲ್ಲ.

ಮೊದಲು ಸ್ಥಾನದ ಹೆಸರನ್ನು ನೋಡೋಣ. ‘ಗರ್ಭಕಂಠ’, ‘ಗರ್ಭಕೊರಳು’ ಎಂಬ ಎರಡು ಪದಗಳೂ ಕತ್ತು ಎಂಬ ಅರ್ಥದ ಲ್ಯಾಟಿನ್ ಶಬ್ದದ ಭಾಷಾಂತರಗಳು. ತಪ್ಪೇನಲ್ಲ. ಆದರೆ ನಮ್ಮ ಹೆಂಗಸರು ತಾವಾಗಿ ಹೇಳುವ ಮಾತು ‘ಗರ್ಭಕೋಶದ ಬಾಯಿ’ ಎಂದು. ವಿಚಾರಿಸಿದರೆ ಈ ಗ್ರಾಮ್ಯವೇ ಶಾಸ್ತ್ರಕ್ಕೆ ಹೆಚ್ಚು ಹತ್ತಿರ. ಕಂಠವೆಂದರೆ ನಡುವಣ ಭಾಗ, ಬಾಯೆಂದರೆ ದ್ವಾರ. ಹೊರಗಿನಿಂದ ನೋಡಿ ಪರೀಕ್ಷಿಸಬಹುದಾದ, ಉಪಕರಣವನ್ನು ಒಳಕ್ಕೆ ಒಯ್ಯಬಹುದಾದ ಅವಯವ ಅದು ಎಂಬುದು ‘ಬಾಯಿ’ ಎಂಬ ಮಾತಿನಿಂದಲೇ ಹೊಳೆಯುತ್ತದೆ. ಮುಂದೆ ಹೇಳತಕ್ಕ ಸಮೀಪಚಿಕಿತ್ಸೆ ಸಾಧ್ಯವಾದುದೇ ಅದು ದ್ವಾರವಾದುದರಿಂದ. ರೂಢಿಯಾಗಿರುವುದರಿಂದ ನಾನೂ ಗರ್ಭಕಂಠವೆಂದೇ ಬರೆಯುತ್ತೇನೆ; ಆದರೂ ಜನಕ್ಕಾಗಿ ಬರೆಯುವವರು ಬಾಯನ್ನು ಬಿಡಬಾರದೆಂದು ನನ್ನ ಮತ.

ಈ ಬಾಯಿಯ ಮುಂದುಗಡೆ ಮೂತ್ರಕೋಶ, ಹಿಂದುಗಡೆ ಗುದನಾಳ, ಮೇಲೆ ಕರುಳಿನ ಸುರುಳಿಗಳು. ಮರವಂತೆಯನ್ನು ಕಂಡವರಿಗೆ ಇದನ್ನು ವರ್ಣಿಸುವುದು ಸುಲಭ. ನಮ್ಮ ಊರಿನಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ. ನಡುವೆ ಹೆದ್ದಾರಿಯೊಂದು ಹೋಗುವಷ್ಟು ನೆಲ. ನದಿಯು ಕಡಲಿನ ಮಗ್ಗುಲಿಗೆ ಬಂದೂ ಅದನ್ನು ಸೇರದೆ ತೆಂಕಲಾಗಿ ಹರಿದು ಗಂಗೊಳ್ಳಿಯಲ್ಲಿ ಸಂಗಮಿಸುತ್ತದೆ. ಆ ಇಕ್ಕಟ್ಟಿನ ನೆಲದ ಮೇಲೆ ಸುರಿಯಬೇಕಾದುದು ಅತ್ತ ಇತ್ತ ಚೆಲ್ಲಬಾರದು ಎಂದರೆ ಎಷ್ಟು ಕಷ್ಟವೋ, ಗರ್ಭಕಂಠದಲ್ಲಿ ಅರ್ಬುದವನ್ನು ಸುಡತಕ್ಕ ಕಿರಣವು ಮೂತ್ರಕೋಶ ಗುದನಾಳಗಳನ್ನು ಸೋಕಬಾರದು ಎಂದರೂ ಅಷ್ಟೇ ಕಷ್ಟ. ಅರ್ಬುದವು ಕಂಠವನ್ನು ಮೀರಿ ಇಕ್ಕೆಲದ ಮಾಂಸಕ್ಕೂ ಹಬ್ಬಿದ್ದರೆ ಕಷ್ಟವು ಇಮ್ಮಡಿಯಾಗುತ್ತದೆ.

ನಮ್ಮ ನೈಯಾಯಿಕರು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿರುವರಷ್ಟೆ. ಲಕ್ಷ್ಯದ ಒಂದು ಭಾಗವನ್ನು ಮುಟ್ಟದಿದ್ದರೆ ಅವ್ಯಾಪ್ತಿ, ಅಲಕ್ಷ್ಯವನ್ನೂ ಮುಟ್ಟಿದರೆ ಅತಿವ್ಯಾಪ್ತಿ, ಲಕ್ಷ್ಯವನ್ನು ಎಲ್ಲಿಯೂ ಮುಟ್ಟದಿದ್ದರೆ ಅಸಂಭವ. ಕಿರಣಚಿಕಿತ್ಸೆಯ ನೂರಿಪ್ಪತ್ತು ವರ್ಷಗಳ ಚರಿತ್ರೆಯೆಂದರೆ ಮೊದಲೆರಡು ದೋಷಗಳ ಪರಿಹಾರದ ಚರಿತ್ರೆಯೇ. ಅರ್ಬುದದಲ್ಲಿ ಶೇಷವುಳಿದರೆ ಅದು ಮರಳಿ ಬೆಳೆಯುವುದೆಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೇಳಿದೆ; ಅದು ಅವ್ಯಾಪ್ತಿಯ ಭಯ. (ಇಷ್ಟರಿಂದ ನಮ್ಮ ಪೂರ್ವಿಕರಿಗೆ ರೇಡಿಯಮ್ ತಿಳಿದಿತ್ತೆಂದು ಸಾಧಿಸುವವರ ಸಂಗಡ ನಾನಿಲ್ಲ.) ನೆರೆಯ ಅವಯವವು ಬೆಂದು ಹುಣ್ಣಾಗುವುದು ಅತಿವ್ಯಾಪ್ತಿಯ ಫಲ. ತಂತ್ರಗಳನ್ನು ಹೋಲಿಸತಕ್ಕವರು ಕೇಳಬೇಕಾದ ಪ್ರಶ್ನೆ ಇವೆರಡೇ: ಇದು ಎಷ್ಟನ್ನು ಬಿಟ್ಟಿತು? ಎಷ್ಟನ್ನು ಮಿಕ್ಕು ಸುಟ್ಟಿತು?

ನಾನು ನೋಡಿದ ಕನ್ನಡ ಬರಹಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅವು ತಂತ್ರಗಳನ್ನು ಹಳತು, ಹೊಸತು ಎಂದು ವಿಂಗಡಿಸಿ, ಹೊಸತಕ್ಕೆ ‘ಅತ್ಯಾಧುನಿಕ’ವೆಂಬ ವಿಶೇಷಣವನ್ನು ತೊಡಿಸಿ ನಿಲ್ಲುತ್ತವೆ. ಆಧುನಿಕಕ್ಕೆ ಅತಿಶಯವೆಲ್ಲಿಂದ ಬಂತೋ ತಿಳಿಯದು. ಗುಣವನ್ನು ಕಾಲದಿಂದ ಅಳೆಯುವ ಈ ಅಭ್ಯಾಸವು ಕಾವ್ಯವಿಮರ್ಶೆಯಲ್ಲಿಯೂ ಇದ್ದುದೇ. ಅಲ್ಲಿ ಅದರಿಂದ ಪ್ರಾಣಹಾನಿಯಿಲ್ಲ.

ಚಿಕಿತ್ಸೆಯ ಹೆಸರು ಇನ್ನಷ್ಟು ತೊಡಕಿನದು. ‘ವಿಕಿರಣ’ವೆಂಬುದು ಚೆಲ್ಲುವುದೆಂಬ ಅರ್ಥದ ಕೄ ಧಾತುವಿಗೆ ‘ವಿ’ ಎಂಬ ಉಪಸರ್ಗ ಸೇರಿ ಆದುದು. ಕಿರಣವೂ ಅದೇ ಧಾತುವಿನಿಂದಲೇ. ಉಪಸರ್ಗದ ಬಲದಿಂದ ವಿಕಿರಣಕ್ಕೆ ಎಲ್ಲೆಡೆಗೂ ಹರಡುವುದೆಂಬ ಅರ್ಥ ಬರುತ್ತದೆ. ಭೌತಶಾಸ್ತ್ರಕ್ಕೆ ಇದು ಸರಿ. ಆದರೆ ಹರಡಬಾರದೆಂಬುದೇ ಯಾವ ಚಿಕಿತ್ಸೆಯ ಸರ್ವಪ್ರಯತ್ನವೋ ಅದಕ್ಕೆ ‘ಹರಡುವ ಚಿಕಿತ್ಸೆ’ಯೆಂದು ಹೆಸರಿಟ್ಟಂತಾಯಿತು. ಕಿರಣಚಿಕಿತ್ಸೆಯೆಂದರೆ ಸಾಕು, ಚಿಕ್ಕದೂ ಹೌದು, ನಿರ್ದೋಷವೂ ಹೌದು.

ಜನರು ಈ ಎರಡನ್ನೂ ಬಿಟ್ಟು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಪಂಡಿತರು ಇದನ್ನು ಕೇಳಿ ನಗುವುದುಂಟು. ನಗುವ ಮೊದಲು ಸ್ವಲ್ಪ ಯೋಚಿಸಬೇಕು. ಇಂದು ಹೊರಗಿನಿಂದ ಕಿರಣ ಕೊಡುವ ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರವು ವಿದ್ಯುತ್ತಿನಿಂದ ಇಲೆಕ್ಟ್ರಾನುಗಳನ್ನು ಓಡಿಸಿ ಕಿರಣವನ್ನು ಹುಟ್ಟಿಸುತ್ತದೆ. ವಿದ್ಯುತ್ತು ನಿಂತರೆ ಕಿರಣವೂ ನಿಂತಿತು. ಆದುದರಿಂದ ಅದರ ವಿಷಯದಲ್ಲಿ ಕರೆಂಟು ಎಂಬ ಮಾತು ಯಥಾರ್ಥವೇ. ಆದರೆ ಒಳಗೆ ಇಡುವ ಇರಿಡಿಯಮ್ ಅಥವಾ ಕೋಬಾಲ್ಟ್ ಎಂಬ ಧಾತುವಿಗೆ ಆರುವುದೆಂಬುದಿಲ್ಲ. ಅದು ಹಗಲಿರುಳೂ ಕಿರಣವನ್ನು ಬೀರುತ್ತಲೇ ಇರುತ್ತದೆ. ಬೇಡವಾದಾಗ ಭಾರಲೋಹದ ಪೆಟ್ಟಿಗೆಯೊಳಗೆ ಅದನ್ನು ಹಿಂದೆಗೆದುಕೊಳ್ಳುತ್ತಾರೆ. ಇರಿಡಿಯಮ್ಮಿನ ಶಕ್ತಿ ಸುಮಾರು 74 ದಿನಗಳಲ್ಲಿ ಅರ್ಧವಾಗುತ್ತದೆ, ಕೋಬಾಲ್ಟಿನದು ಐದು ವರ್ಷಗಳಿಗೆ ಮಿಕ್ಕಿ. ಹೀಗಾಗಿ ಕರೆಂಟು ಎಂಬ ಮಾತು ಒಂದು ಚಿಕಿತ್ಸೆಯನ್ನು ಮುಟ್ಟಿ ಇನ್ನೊಂದನ್ನು ಬಿಡುತ್ತದೆ. ಅವ್ಯಾಪ್ತಿಯೆಂದರೆ ಇದೇ. ಇದರ ಫಲವನ್ನು ಮುಂದೆ ಹೇಳುತ್ತೇನೆ.

ಈಗ ತಂತ್ರಗಳಿಗೆ ಬರೋಣ. ಹೊರಗಿನಿಂದ ಕೊಡುವುದು, ಒಳಗಿಟ್ಟು ಕೊಡುವುದು ಎಂದು ಅವು ಎರಡು ವರ್ಗ. ಹೊರಗಿನದು ದೂರಚಿಕಿತ್ಸೆ. 1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರವು ಬಳಕೆಗೆ ಬಂದ ಮೇಲೆ ಶರೀರದ ಆಳಕ್ಕೆ ಕಿರಣವನ್ನು ಮುಟ್ಟಿಸುವುದು ಸುಲಭವಾಯಿತು. ಮೊದಲು ಎಲುಬುಗಳ ಗುರುತು ಹಿಡಿದು, ಮುಂದೆ, ಹಿಂದೆ, ಎರಡು ಬದಿ ಎಂದು ನಾಲ್ಕು ದಿಕ್ಕುಗಳಿಂದ ಚೌಕವಾಗಿ ಕಿರಣ ಬಿಡುತ್ತಿದ್ದರು. ಆ ಚೌಕದೊಳಗೆ ಸಿಕ್ಕಿದ ಕರುಳೆಲ್ಲ ಅರ್ಬುದದ ಸಂಗಡ ದಂಡ ತೆರಬೇಕಾಗುತ್ತಿತ್ತು. ಅನಂತರ ಸಿ.ಟಿ. ಚಿತ್ರಗಳ ಆಧಾರದಿಂದ ಆಕಾರಕ್ಕೆ ತಕ್ಕಂತೆ ಕಿರಣವನ್ನು ಕತ್ತರಿಸುವ ತ್ರಿವಿಮಿತೀಯ ಕ್ರಮವೂ, ಒಂದೊಂದು ದಿಕ್ಕಿನ ಕಿರಣದೊಳಗೇ ಹೆಚ್ಚು ಕಡಮೆಗಳನ್ನು ಮಾಡುವ ಐ.ಎಂ.ಆರ್.ಟಿ. ಎಂಬ ಕ್ರಮವೂ ಬಂದುವು. ಸಾಮಾನ್ಯವಾಗಿ 45ರಿಂದ 50 ಗ್ರೇ ಪ್ರಮಾಣವನ್ನು ವಾರಕ್ಕೆ ಐದು ದಿನಗಳಂತೆ ಐದು ವಾರಗಳಲ್ಲಿ ಹಂಚಿ ಕೊಡುತ್ತಾರೆ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧ. ಈ ಔಷಧದ ಬೆಲೆ ಏನೆಂಬುದನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 850 ಮಂದಿ ಬಲಿತ ರೋಗದ ಹೆಂಗಸರಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು: ಐದು ವರ್ಷಗಳ ಬಳಿಕ ಬದುಕಿದ್ದವರು ಕಿರಣ ಮಾತ್ರ ಪಡೆದವರಲ್ಲಿ ನೂರಕ್ಕೆ 46, ಔಷಧವೂ ಸೇರಿದವರಲ್ಲಿ 54.

ಐ.ಎಂ.ಆರ್.ಟಿ.ಯನ್ನು ಕುರಿತು ನಮ್ಮ ಬರಹಗಳು ಹೆಚ್ಚು ಉತ್ಸಾಹ ತೋರುವುದರಿಂದ ಅದರ ಪ್ರಮಾಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಟಾಟಾ ಸಂಸ್ಥೆಯವರೇ 300 ಮಂದಿಯಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರು ವರ್ಷಗಳೊಳಗೆ ಕರುಳಿಗೆ ಗಣ್ಯವಾದ ತೊಂದರೆಯಾದವರು ಹಿಂದಿನ ತ್ರಿವಿಮಿತೀಯ ಕ್ರಮದಲ್ಲಿ ನೂರಕ್ಕೆ 42, ದಿನದಿನವೂ ಚಿತ್ರ ನೋಡಿಕೊಂಡು ಕೊಟ್ಟ ಐ.ಎಂ.ಆರ್.ಟಿ.ಯಲ್ಲಿ 21. ರೋಗನಿಗ್ರಹದಲ್ಲಿ ಎರಡೂ ಸಮಾನ. ಎಂದರೆ ಅವ್ಯಾಪ್ತಿ ಹೆಚ್ಚದೆ ಅತಿವ್ಯಾಪ್ತಿ ಅರ್ಧಕ್ಕಿಳಿಯಿತು, ಸ್ತುತ್ಯವಾದ ಸಂಗತಿ. ಆದರೆ ಆ 300 ಮಂದಿಯೂ ಮೊದಲು ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನು ಕಳೆದುಕೊಂಡು, ಆಮೇಲೆ ಕಿರಣ ಪಡೆದವರು. ಗರ್ಭಕೋಶ ತೆಗೆದ ಮೇಲೆ ಆ ಎಡೆಗೆ ಕರುಳು ಇಳಿಯುವುದರಿಂದ ಅಲ್ಲಿ ಲಾಭವು ವಿಶೇಷವಾಗಿ ಕಾಣುವುದು ಸಹಜ. ಗರ್ಭಕೋಶವು ಸ್ವಸ್ಥಾನದಲ್ಲಿರುವ, ಅರ್ಬುದವೂ ಅಲ್ಲೇ ಇರುವ ಹೆಂಗಸಿನ ಸ್ಥಿತಿ ಬೇರೆ. ಆಕೆಯ ಗರ್ಭಕೋಶವು ಮೂತ್ರಕೋಶ ತುಂಬಿದಾಗ ಒಂದೆಡೆ, ಬರಿದಾದಾಗ ಇನ್ನೊಂದೆಡೆ ಇರುತ್ತದೆ. ಕಿರಣದ ಅಂಚು ಎಷ್ಟು ಹರಿತವೋ, ಲಕ್ಷ್ಯವು ಅಂಚಿನಾಚೆಗೆ ಜಾರುವ ಭಯ ಅಷ್ಟೇ ಹೆಚ್ಚು. ದಿನವೂ ಇಷ್ಟು ನೀರು ಕುಡಿದು, ಇಷ್ಟು ಹೊತ್ತು ತಡೆದುಕೊಂಡು ಬನ್ನಿರೆಂದು ಹೇಳುವುದು ಇದೇ ಕಾರಣದಿಂದ. ಆ ಕಾರಣವನ್ನು ಕಾಗದದಲ್ಲಿ ಒಂದು ವಾಕ್ಯದಲ್ಲಿ ಬರೆದರೆ, ಬಸ್ಸಿನಲ್ಲಿ ಎರಡು ತಾಸು ಬರತಕ್ಕ ಹೆಂಗಸು ದಾರಿಯ ಭಯದಿಂದ ನೀರು ಬಿಡುವುದು ತಪ್ಪೀತು. ಬರೆಯುವವರು ‘ನೀರು ಕುಡಿಯತಕ್ಕದ್ದು’ ಎಂದು ವಿಧಿಯನ್ನು ಮಾತ್ರ ಬರೆದು ಅರ್ಥವಾದವನ್ನು ಬಿಟ್ಟಿರುತ್ತಾರೆ. ಅರ್ಥವಾದವಿಲ್ಲದ ವಿಧಿಯಲ್ಲಿ ಪ್ರವೃತ್ತಿ ಕಡಮೆಯೆಂಬುದು ಮೀಮಾಂಸಕರ ಅನುಭವ.

ಇನ್ನು ಒಳಗಿನದು. ಇದರ ಗ್ರೀಕ್ ಹೆಸರಿನ ಮೊದಲ ಭಾಗಕ್ಕೆ ಹ್ರಸ್ವವೆಂದರ್ಥ, ಎಂದರೆ ಅಲ್ಪದೂರ. ಕನ್ನಡದಲ್ಲಿ ‘ಬ್ರಾಕಿಥೆರಪಿ’ ಎಂದು ಹಾಗೆಯೇ ಬರೆಯುವರು, ಇಲ್ಲವೆ ‘ಆಂತರಿಕ ವಿಕಿರಣ’ ಎನ್ನುವರು. ಮೊದಲನೆಯದು ಕಿವಿಗೆ ಶಬ್ದ, ಮನಸ್ಸಿಗೆ ಮೌನ. ಎರಡನೆಯದು ಮದ್ದು ನುಂಗಿಸಿ ಕೊಡುವ ಕಿರಣವೆಂಬ ಅರ್ಥಕ್ಕೂ ಎಡೆಗೊಡುವುದರಿಂದ ಅತಿವ್ಯಾಪ್ತ. ‘ಸಮೀಪಚಿಕಿತ್ಸೆ’ ಎಂಬುದೇ ಲೇಸು; ಇದರ ಬಲವೆಲ್ಲ ಸಾಮೀಪ್ಯದಲ್ಲಿಯೇ ಇರುವುದು. ಕಿರಣದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಒಂದು ಸೆಂಟಿಮೀಟರಿನಲ್ಲಿ ಇದ್ದುದು ಎರಡು ಸೆಂಟಿಮೀಟರಿನಲ್ಲಿ ಕಾಲು, ನಾಲ್ಕರಲ್ಲಿ ಹದಿನಾರನೆಯ ಒಂದು ಪಾಲು. ದೀಪದ ಬಳಿ ಕೈ ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದುದರಿಂದ ಅರ್ಬುದದ ನಡುವಿಗೇ ಕಿರಣಮೂಲವನ್ನು ಒಯ್ದರೆ ಅಲ್ಲಿ ಅಪಾರವಾದ ಪ್ರಮಾಣವೂ, ತುಸು ಆಚೆಯ ಮೂತ್ರಕೋಶ ಗುದನಾಳಗಳಲ್ಲಿ ಸಹ್ಯವಾದ ಪ್ರಮಾಣವೂ ಬೀಳುತ್ತದೆ. ಇದು ಯಂತ್ರದ ಜಾಣ್ಮೆಯಲ್ಲ, ನಿಸರ್ಗದ ನಿಯಮ. ಹೊರಗಿನ ಯಾವ ಯಂತ್ರಕ್ಕೂ ಈ ಅನುಕೂಲ್ಯವಿಲ್ಲ.

ಇದರ ಚರಿತ್ರೆಯೂ ಹಳೆಯದು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದ ಮೇಲೆ ಸ್ಟಾಕ್‌ಹೋಮ್, ಪ್ಯಾರಿಸ್, ಮ್ಯಾಂಚೆಸ್ಟರ್ ಎಂಬ ಮೂರು ಸಂಪ್ರದಾಯಗಳು ಹುಟ್ಟಿದವು. ನಮ್ಮ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲ ಅದು. ಮದ್ರಾಸಿನ ಬರ್ನಾರ್ಡ್ ಸಂಸ್ಥೆ 1934ರಲ್ಲಿಯೂ, ಮುಂಬಯಿಯ ಟಾಟಾ ಆಸ್ಪತ್ರೆ 1941ರಲ್ಲಿಯೂ ಆರಂಭವಾದುವು. ಮಣಿಪಾಲದ ವೈದ್ಯಕಾಲೇಜು 1953ರದು, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದು. ಆದಿಯ ಸಂಪ್ರದಾಯಗಳು ಪ್ರಮಾಣವನ್ನು ಇಷ್ಟು ಮಿಲಿಗ್ರಾಂ ರೇಡಿಯಮ್ ಇಷ್ಟು ಗಂಟೆ ಎಂದು ಗುಣಿಸಿ ಹೇಳುತ್ತಿದ್ದುವು; ಇಟ್ಟದ್ದೆಷ್ಟು ಎಂಬುದಕ್ಕೆ ಲೆಕ್ಕವುಂಟು, ಮುಟ್ಟಿದ್ದೆಷ್ಟು ಎಂಬುದಕ್ಕಿಲ್ಲ. 1938ರಲ್ಲಿ ಮ್ಯಾಂಚೆಸ್ಟರಿನವರು ‘ಎ ಬಿಂದು’ ಎಂಬುದನ್ನು ಕಲ್ಪಿಸಿದರು: ಯೋನಿಯ ಮೇಲ್ಗೊನೆಯಿಂದ ಎರಡು ಸೆಂಟಿಮೀಟರು ಮೇಲೆ, ಗರ್ಭಕೋಶದ ನಾಳದಿಂದ ಎರಡು ಸೆಂಟಿಮೀಟರು ಬದಿಗೆ. ಅಲ್ಲಿ ಇಷ್ಟು ಪ್ರಮಾಣ ಬೀಳಬೇಕು ಎಂಬ ನಿಯಮವು ಅರ್ಧಶತಮಾನ ಮೀರಿ ಜಗತ್ತನ್ನು ಆಳಿತು.

ಈ ಬಿಂದುವಿನ ಕುರಿತು ನನಗೆ ಒಂದು ಬಗೆಯ ಗೌರವವಿದೆ. ಸಹಸ್ರಾರು ಆಸ್ಪತ್ರೆಗಳು ಒಂದೇ ಭಾಷೆಯಲ್ಲಿ ಮಾತನಾಡುವಂತಾದುದು ಅದರಿಂದ. ಆದರೆ ಅದು ಲಕ್ಷ್ಯವನ್ನು ನೋಡದ ಲಕ್ಷಣ. ಹೆಂಗಸು ಯಾರೇ ಇರಲಿ, ಅರ್ಬುದ ಕಡಲೆಯಷ್ಟಿರಲಿ, ನಿಂಬೆಯಷ್ಟಿರಲಿ, ಬಿಂದು ಅಲ್ಲಿಯೇ. ಚಿಕ್ಕ ಅರ್ಬುದಕ್ಕೆ ಅತಿವ್ಯಾಪ್ತಿ, ದೊಡ್ಡದಕ್ಕೆ ಅವ್ಯಾಪ್ತಿ, ಎರಡು ದೋಷಗಳೂ ಒಂದೇ ನಿಯಮದಲ್ಲಿ. ಇತ್ತೀಚಿನ ಕ್ರಮವು ಇದನ್ನು ತಿರುಗಿಸಿತು: ಉಪಕರಣವನ್ನು ಇಟ್ಟ ಮೇಲೆ ಎಂ.ಆರ್.ಐ. ಚಿತ್ರ ತೆಗೆದು, ಉಳಿದಿರುವ ಅರ್ಬುದದ ಆಕಾರವನ್ನು ಬರೆದು, ಅದಕ್ಕೆ ತಕ್ಕಂತೆ ಕಿರಣಮೂಲವು ಎಲ್ಲೆಲ್ಲಿ ಎಷ್ಟೆಷ್ಟು ಕ್ಷಣ ನಿಲ್ಲಬೇಕೆಂದು ನಿರ್ಣಯಿಸುವುದು. ಬದಿಗೆ ಹಬ್ಬಿದ್ದರೆ ಸೂಜಿಗಳನ್ನೂ ಸೇರಿಸುವುದು. ಎಂಬ್ರೇಸ್ ಎಂಬ ಬಹುದೇಶೀಯ ಅಧ್ಯಯನದಲ್ಲಿ 1,341 ಮಂದಿಗೆ ಈ ಕ್ರಮದಿಂದ ಚಿಕಿತ್ಸೆ ಮಾಡಿ, ಐದು ವರ್ಷಗಳ ಬಳಿಕ ನೂರಕ್ಕೆ 92 ಮಂದಿಯಲ್ಲಿ ಆ ಸ್ಥಾನದ ರೋಗ ಅಡಗಿತ್ತೆಂದು 2021ರಲ್ಲಿ ವರದಿಮಾಡಿದರು. ಅದರಲ್ಲಿ ಎದುರುಪಕ್ಷವಾಗಿ ಹಳೆಯ ಕ್ರಮದವರ ಗುಂಪು ಇರಲಿಲ್ಲವೆಂಬುದನ್ನು ಮರೆಯಬಾರದು. ಆದರೂ ಸಂಖ್ಯೆ ಅಲ್ಪವಲ್ಲ.

ಸಮೀಪಚಿಕಿತ್ಸೆಯಲ್ಲಿ ವೇಗದ ಭೇದವೂ ಉಂಟು. ರೇಡಿಯಮ್, ಸೀಸಿಯಮ್ಮುಗಳ ಕಾಲದಲ್ಲಿ ಹೆಂಗಸು ಎರಡು ಮೂರು ದಿನ ಏಕಾಂತದ ಕೋಣೆಯಲ್ಲಿ ಅಲುಗಾಡದೆ ಮಲಗಿರಬೇಕಿತ್ತು. ಈಗಿನ ಇರಿಡಿಯಮ್ಮಿನಲ್ಲಿ ಕಿರಣ ಕೊಡುವ ಹೊತ್ತು ಕೆಲವು ನಿಮಿಷಗಳು. ಗಂಟೆಗೆ 0.4ರಿಂದ 2 ಗ್ರೇವರೆಗಿನದು ಮಂದ, 12ಕ್ಕೆ ಮೇಲ್ಪಟ್ಟದ್ದು ಶೀಘ್ರ, ನಡುವಿನದು ಮಧ್ಯಮ. ಇದನ್ನು ಕನ್ನಡದಲ್ಲಿ ಹೇಳುವಾಗ ‘ದರ’ವೆಂಬ ಶಬ್ದ ಜಾರಿದರೆ ‘ಅಧಿಕ ಪ್ರಮಾಣದ ಚಿಕಿತ್ಸೆ’ ಎಂದಾಗುತ್ತದೆ. ಓದಿದವಳು ತನಗೆ ವಿಷವನ್ನು ಹೆಚ್ಚು ಹಾಕುವರೆಂದು ಬೆದರದಿರುವಳೆ? ಹೆಚ್ಚಿರುವುದು ಪ್ರಮಾಣವಲ್ಲ, ವೇಗ. ನಮ್ಮ ಶಿಕ್ಷಾಗ್ರಂಥಗಳಲ್ಲಿ ಉಚ್ಚಾರಣೆಗೆ ದ್ರುತ, ಮಧ್ಯಮ, ವಿಲಂಬಿತವೆಂಬ ಮೂರು ವೃತ್ತಿಗಳನ್ನು ಹೇಳಿದೆ. ಯಥಾವತ್ತಾಗಿ ಈ ಮೂರು ಹೆಸರುಗಳೇ ಇಲ್ಲಿಗೆ ಒಪ್ಪುತ್ತವೆ. ಸಂಗೀತದಿಂದ ಅವು ಸಾಮಾನ್ಯರ ಕಿವಿಗೂ ಬಿದ್ದಿವೆ. ದ್ರುತದಲ್ಲಿ ಒಮ್ಮೆಗೇ ಎಲ್ಲವನ್ನೂ ಕೊಟ್ಟರೆ ನೆರೆಯ ಅವಯವಗಳು ತಾಳವು. ಆದುದರಿಂದ 7 ಗ್ರೇಯಂತೆ ನಾಲ್ಕು ಸಲ, ಅಥವಾ ನಮ್ಮ ದೇಶದ ಹಲವೆಡೆ 9 ಗ್ರೇಯಂತೆ ಎರಡು ಸಲ, ಹೀಗೆ ಬಿಡಿಸಿ ಕೊಡುವರು. ಚಂಡೀಗಢದ ವೈದ್ಯರು 482 ಮಂದಿಯಲ್ಲಿ ವಿಲಂಬಿತ ದ್ರುತಗಳನ್ನು ಹೋಲಿಸಿ 1994ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ವಿಷಯದಲ್ಲಿ ಮುಖ್ಯವಾದುದು. ಬದುಕಿನ ಪ್ರಮಾಣ ಎರಡರಲ್ಲಿಯೂ ಸಮೀಪ. ಗುದನಾಳದ ತೊಂದರೆ ವಿಲಂಬಿತದಲ್ಲಿ ನೂರಕ್ಕೆ 20ರಷ್ಟು, ದ್ರುತದಲ್ಲಿ 6ರಷ್ಟು. ಇರಿಡಿಯಮ್ಮನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸುವ ವೆಚ್ಚವಿದೆ. ಕೋಬಾಲ್ಟಿನ ಮೂಲವು ವರ್ಷಗಟ್ಟಲೆ ಬಾಳುವುದರಿಂದ ಕೈ ಬಿಗಿಯಾದ ಆಸ್ಪತ್ರೆಗಳು ಅದನ್ನು ಆರಿಸುವುದುಂಟು.

ಇಲ್ಲಿಗೆ ಮುಖ್ಯ ಪ್ರಶ್ನೆ ಬಂತು. ಇಷ್ಟು ತಂತ್ರಗಳ ನಡುವಿನ ಸಂಬಂಧವೇನು? ಮೀಮಾಂಸಕರು ವಿಕಲ್ಪ, ಸಮುಚ್ಚಯವೆಂಬ ಭೇದವನ್ನು ಮಾಡಿರುವರು. ಪುರೋಡಾಶಕ್ಕೆ ಅಕ್ಕಿಯಾದರೂ ಆಗಬಹುದು, ಜವೆಯಾದರೂ ಆಗಬಹುದು, ಇದು ವಿಕಲ್ಪ. ಆದರೆ ದರ್ಶಪೂರ್ಣಮಾಸಗಳಲ್ಲಿ ಅಮಾವಾಸ್ಯೆಯ ಯಾಗಗಳೂ ಹುಣ್ಣಿಮೆಯ ಯಾಗಗಳೂ ಕೂಡಿಯೇ ಒಂದು ಫಲವನ್ನು ಕೊಡುವುವು. ಒಂದನ್ನು ಬಿಟ್ಟರೆ ಫಲವೇ ಇಲ್ಲ. ಇದು ಸಮುಚ್ಚಯ. ಕೋಬಾಲ್ಟ್, ತ್ರಿವಿಮಿತೀಯ, ಐ.ಎಂ.ಆರ್.ಟಿ. ಇವುಗಳಲ್ಲಿ ವಿಕಲ್ಪ. ದ್ರುತ ವಿಲಂಬಿತಗಳಲ್ಲಿ ವಿಕಲ್ಪ. ರೋಗವು ಎಳೆಯದಾಗಿದ್ದರೆ ಶಸ್ತ್ರಕ್ಕೂ ಕಿರಣಕ್ಕೂ ವಿಕಲ್ಪವುಂಟು. ಆದರೆ ಬಲಿತ ರೋಗದಲ್ಲಿ ದೂರಚಿಕಿತ್ಸೆಗೂ ಸಮೀಪಚಿಕಿತ್ಸೆಗೂ ಇರುವುದು ಸಮುಚ್ಚಯವೇ ಹೊರತು ವಿಕಲ್ಪವಲ್ಲ. ದೂರಚಿಕಿತ್ಸೆಯು ಸುತ್ತಣ ಗ್ರಂಥಿಗಳವರೆಗೂ ವ್ಯಾಪಿಸಿ ಅರ್ಬುದವನ್ನು ಕುಗ್ಗಿಸುತ್ತದೆ; ಸಮೀಪಚಿಕಿತ್ಸೆಯು ಕುಗ್ಗಿದ ಮೂಲಕ್ಕೆ 85 ಗ್ರೇಗೆ ಸಮನಾದಷ್ಟನ್ನು ತುಂಬಿಸುತ್ತದೆ. ಮೊದಲನೆಯದೊಂದರಿಂದಲೇ ಅಷ್ಟನ್ನು ತುಂಬಿಸಹೊರಟರೆ ಕರುಳು, ಮೂತ್ರಕೋಶಗಳು ಉಳಿಯಲಾರವು.

ಇದನ್ನು ವಿಕಲ್ಪವೆಂದು ತಿಳಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ದಾಖಲೆಗಳು ಸಾಕ್ಷಿ. ಅಲ್ಲಿ ಐ.ಎಂ.ಆರ್.ಟಿ. ಹಬ್ಬಿದ ವರ್ಷಗಳಲ್ಲಿ ಸಮೀಪಚಿಕಿತ್ಸೆ ಪಡೆದವರ ಪಾಲು 1988ರಲ್ಲಿ ನೂರಕ್ಕೆ 83 ಇದ್ದುದು 2009ಕ್ಕೆ 58ಕ್ಕಿಳಿಯಿತು. ಪಡೆದವರಿಗಿಂತ ಪಡೆಯದವರಲ್ಲಿ ಈ ರೋಗದಿಂದಾದ ಮರಣ ಹೆಚ್ಚು. ಯಂತ್ರವು ಹೊಸತು, ದೋಷವು ಅವ್ಯಾಪ್ತಿ.

ಅಮೆರಿಕದಲ್ಲಿ ವೈದ್ಯರ ಕಡೆಯಿಂದ ಆದುದು ನಮ್ಮಲ್ಲಿ ಮಾತಿನ ಕಡೆಯಿಂದ ಆಗುತ್ತಿದೆಯೆಂಬುದು ನನ್ನ ಆಕ್ಷೇಪ. ನಮ್ಮ ಕೇರಿಯ ಹೆಂಗಸೊಬ್ಬರು, ಮೀನು ಮಾರಿ ಮನೆ ನಡೆಸುವವರು, ಐದು ವಾರಗಳ ದೂರಚಿಕಿತ್ಸೆಯನ್ನು ಮುಗಿಸಿ ಬಂದರು. ಮರವಂತೆಯಿಂದ ಮಣಿಪಾಲದ ದಿಕ್ಕಿಗೆ ಸುಮಾರು ಅರುವತ್ತು ಕಿಲೋಮೀಟರು. ಇಪ್ಪತ್ತೈದು ದಿನ ಹೋಗಿ ಬಂದರೆ ಮೂರು ಸಾವಿರವಾಯಿತು. ಕಿರಣ ಬಿದ್ದ ಮೊದಲ ವಾರಗಳಲ್ಲೇ ಸಾಮಾನ್ಯವಾಗಿ ರಕ್ತಸ್ರಾವ ನಿಲ್ಲುತ್ತದೆ, ಅವರಿಗೂ ನಿಂತಿತ್ತು. ಕಾಗದದ ಕೊನೆಯಲ್ಲಿ ‘ಬ್ರಾಕಿಥೆರಪಿಗೆ ಬರತಕ್ಕದ್ದು’ ಎಂದು ಒಂದು ಸಾಲು. ಮಗ ಅದನ್ನು ಓದಿಸಲು ನನ್ನಲ್ಲಿಗೆ ತಂದಾಗ ತಾಯಿ ಕೇಳಿದ್ದು ಇಷ್ಟು: “ಕರೆಂಟ್ ಕೊಟ್ಟಾಯ್ತಲ್ದಾ ಭಟ್ರೆ, ಇನ್ನ್ ಎಂತಕ್ ಹೋಪುದ್?” ಆಕೆಯ ತರ್ಕದಲ್ಲಿ ದೋಷವಿರಲಿಲ್ಲ. ಕರೆಂಟು ಎಂಬ ಹೆಸರಿನ ಚಿಕಿತ್ಸೆ ಮುಗಿದಿತ್ತು. ರೋಗದ ಕುರುಹು ಮರೆಯಾಗಿತ್ತು. ಉಳಿದ ಒಂದು ಪದಕ್ಕೆ ಯಾವ ಭಾಷೆಯಲ್ಲಿಯೂ ಆಕೆಗೆ ಅರ್ಥವಿರಲಿಲ್ಲ. ಅದು ಅದೇ ಚಿಕಿತ್ಸೆಯ ಉತ್ತರಾರ್ಧವೆಂದು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಪೂರ್ವೋತ್ತರಾರ್ಧಗಳೆರಡೂ ಎಂಟು ವಾರಗಳೊಳಗೆ ಮುಗಿಯಬೇಕು, ತಡವಾದಷ್ಟೂ ಉಳಿದ ಕೋಶಗಳು ಮರಳಿ ಬೆಳೆದು ಫಲ ಕುಗ್ಗುವುದು ಎಂಬುದೂ ಇರಲಿಲ್ಲ. ಹದಿನೈದು ದಿನ ಹೀಗೆಯೇ ಕಳೆದುಹೋಗಿತ್ತು. ಹೇಗೋ ಅವರು ಮರುವಾರ ಹೋದರು.

ಇದಕ್ಕೆ ಪೂರ್ವಪಕ್ಷವೊಂದುಂಟು. ವೈದ್ಯರು ಬಾಯಲ್ಲಿ ಎಲ್ಲವನ್ನೂ ಹೇಳಿಯೇ ಇರುತ್ತಾರೆ, ಬರಹದ ಕೊರತೆಯನ್ನು ಅಷ್ಟು ದೊಡ್ಡದು ಮಾಡಬೇಕೆ? ಎಂದು. ಹೇಳಿರುತ್ತಾರೆ, ನಿಜ. ನೂರು ಮಂದಿ ಕಾದಿರುವಾಗ, ಗಾಬರಿಗೊಂಡವಳಿಗೆ, ಒಂದು ಸಲ ಹೇಳಿದ ಮಾತು ಮನೆಯ ಹೊಸ್ತಿಲವರೆಗೆ ಬರುವುದಿಲ್ಲ, ಬರುವುದು ಕಾಗದ.

ಇನ್ನೊಂದು ಮೌನವನ್ನು ಹೇಳದೆ ಮುಗಿಸಲಾಗದು. ಕಿರಣಚಿಕಿತ್ಸೆಯ ಅನಂತರ ಅಂಡಾಶಯಗಳು ಕೆಲಸ ನಿಲ್ಲಿಸುವುದರಿಂದ ಮುಟ್ಟು ಬೇಗನೆ ನಿಲ್ಲುತ್ತದೆ. ಯೋನಿಮಾರ್ಗವು ಒಣಗಿ ಸಂಕುಚಿತವಾಗುವುದುಂಟು. ಸಲಕರಣೆಯಿಂದ ಅದನ್ನು ಕ್ರಮವಾಗಿ ಹಿಗ್ಗಿಸಿಕೊಳ್ಳುವ ವಿಧಾನವನ್ನು ವೈದ್ಯರು ಬಲ್ಲರು. ದಾಂಪತ್ಯಕ್ಕೂ, ಮುಂದಿನ ಪರೀಕ್ಷೆಗಳಿಗೂ ಅದು ಆವಶ್ಯಕ. ಕನ್ನಡ ಬರಹಗಳು ಮೂತ್ರದ ಉರಿ, ಭೇದಿಗಳನ್ನು ಪಟ್ಟಿಮಾಡಿ ಇಲ್ಲಿಗೆ ಬಂದಾಗ ‘ಇತ್ಯಾದಿ’ ಎನ್ನುತ್ತವೆ. ಈ ಸಂಕೋಚವು ಸಂಸ್ಕೃತದಿಂದ ಬಂದುದೆಂದು ಯಾರೂ ಹೇಳಬಾರದು; ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಯೋನಿರೋಗಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಕಿರಣ ಪಡೆದವಳ ಶರೀರದಲ್ಲಿ ಕಿರಣ ಉಳಿದಿರುವುದೆಂದು ಗಂಡನೂ ಮಕ್ಕಳೂ ದೂರ ಮಲಗುವ ಮನೆಗಳುಂಟೆಂದು ಕೇಳಿದ್ದೇನೆ. ಹೊರಗಿನ ಕಿರಣವಾಗಲಿ, ಇಟ್ಟು ತೆಗೆದ ಇರಿಡಿಯಮ್ಮಾಗಲಿ ಶರೀರದಲ್ಲಿ ಯಾವ ಕಿರಣವನ್ನೂ ಉಳಿಸುವುದಿಲ್ಲ. ಈ ಒಂದು ವಾಕ್ಯಕ್ಕೆ ಕಾಗದದಲ್ಲಿ ಸ್ಥಳ ಸಿಗಬೇಕು.

ನಿಘಂಟುಕಾರರಿಗೂ ಪರಿಷತ್ತಿನ ಪಾರಿಭಾಷಿಕ ಪದಗಳನ್ನು ನೋಡಿಕೊಳ್ಳುವವರಿಗೂ ನನ್ನ ಸೂಚನೆಗಳು ಮಿತವಾಗಿವೆ. ಇಡೀ ಚಿಕಿತ್ಸೆಗೆ ‘ಕಿರಣಚಿಕಿತ್ಸೆ’. ಅದರ ಎರಡು ಭಾಗಗಳಿಗೆ ‘ದೂರಕಿರಣ’, ‘ಸಮೀಪಕಿರಣ’. ಎರಡರಲ್ಲಿಯೂ ಕಿರಣಶಬ್ದವು ಉಳಿದಿರುವುದರಿಂದ ಇವೆರಡೂ ಒಂದರ ಅಂಶಗಳೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಜನಭಾಷೆಯಲ್ಲಿ ‘ಹೊರಗಿನ ಕರೆಂಟು’, ‘ಒಳಗಿನ ಕರೆಂಟು’ ಎಂದರೆ ನನ್ನ ಆಕ್ಷೇಪವಿಲ್ಲ. ಮೇಲೆ ಹೇಳಿದ ಅಯಥಾರ್ಥತೆಯನ್ನು ಈ ಪ್ರಯೋಜನಕ್ಕಾಗಿ ಸಹಿಸಬಹುದು. ದರಕ್ಕೆ ದ್ರುತ, ಮಧ್ಯಮ, ವಿಲಂಬಿತ. ಒಳಗಿಡುವ ಟೊಳ್ಳು ಉಪಕರಣಕ್ಕೆ ‘ಅನ್ವಯಕ’ವೆಂದು ಬರೆಯುವವರು ಅನ್ವಯವೆಂಬುದಕ್ಕೆ ವ್ಯಾಕರಣದಲ್ಲಿರುವ ಅರ್ಥವನ್ನು ಮರೆತಿದ್ದಾರೆ, ‘ನಳಿಗೆ’ ಎಂಬ ಕನ್ನಡ ಮಾತೇ ಇರುವಾಗ ಅದು ಏಕೆ? ‘ಮಾತ್ರೆ’ ಎಂಬುದು ಪ್ರಮಾಣಕ್ಕೆ ಒಳ್ಳೆಯ ಸಂಸ್ಕೃತಪದವೇ ಆದರೂ ಇಂದು ಗುಳಿಗೆಯೆಂಬ ಅರ್ಥದಲ್ಲಿ ನಿಂತುಬಿಟ್ಟಿರುವುದರಿಂದ ಅದನ್ನು ಇಲ್ಲಿ ಎತ್ತಿಕೊಳ್ಳಲಾಗದು. ಸೂಜಿಗಳನ್ನು ಸೇರಿಸಿ ಕೊಡುವ ಸಮೀಪಕಿರಣಕ್ಕೆ ಬೇರೆ ಹೆಸರು ಬೇಕೆ, ‘ಸೂಜಿಯ ಸಮೀಪಕಿರಣ’ವೆಂದರೆ ಸಾಕೆ ಎಂಬುದನ್ನು ಆ ಕೆಲಸವನ್ನು ಮಾಡತಕ್ಕ ವೈದ್ಯರೂ ದಾದಿಯರೂ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಚರ್ಚಿಸಬಹುದು.